ಎತ್ತರದಿಂದ ಬಿದ್ದ ಬೆಕ್ಕು ಬದುಕುವ ಬಗೆ

ಮನೆಬೆಕ್ಕು ಎತ್ತರದಿಂದ ಆಯತಪ್ಪಿ ಬಿದ್ದರೆ ನೆಲ ಮುಟ್ಟುವುದರೊಳಗೆ ಮೈ ಹೊರಳಿಸಿಕೊಂಡು ಕಾಲುಗಳ ಮೇಲೆ ಇಳಿಯುತ್ತದೆ. ಮನುಷ್ಯರಿಗೆ ಪ್ರಾಣಾಪಾಯವಾಗುವಂಥ ಎತ್ತರದಿಂದ ಬಿದ್ದೂ ಎಷ್ಟೋ ಸಲ ಜೀವ ಉಳಿಸಿಕೊಳ್ಳುತ್ತದೆ. ಇದರ ಹಿಂದೆ ಎರಡು ಬೇರೆ ಬೇರೆ ಸಾಮರ್ಥ್ಯಗಳಿವೆ. ಗಾಳಿಯಲ್ಲಿ ಹೊರಳುವುದು ನರಮಂಡಲ ಮತ್ತು ಬೆನ್ನೆಲುಬಿನ ಕೆಲಸ. ಬಿದ್ದ ಪೆಟ್ಟನ್ನು ತಾಳಿಕೊಳ್ಳುವುದು ಮೈಯ ಗಾತ್ರ, ಕಾಲುಗಳ ರಚನೆ ಮತ್ತು ಕೆಳಗಿರುವ ನೆಲ ಇವುಗಳನ್ನು ಅವಲಂಬಿಸಿದ್ದು. ಮೊದಲನೆಯದರಲ್ಲಿ ಆರೋಗ್ಯವಂತ ಬೆಕ್ಕು ತಪ್ಪುವುದು ಅಪರೂಪ, ಎರಡನೆಯದರಲ್ಲಿ ಸೋಲುವುದುಂಟು. ಇವೆರಡನ್ನೂ ಒಂದೇ ಎಂದು ತಿಳಿದದ್ದರಿಂದಲೇ, ಬಿದ್ದ ಬೆಕ್ಕಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಬಲವಾಗಿ ಉಳಿದಿದೆ. ಆ ನಂಬಿಕೆಯಿಂದ ಬೆಕ್ಕುಗಳಿಗೆ ಆಗಿರುವ ಹಾನಿ ಸಣ್ಣದಲ್ಲ.

ಈ ವಿಷಯದ ಅಧ್ಯಯನಗಳು ಹೆಚ್ಚಾಗಿ ಬಹುಮಹಡಿ ಕಟ್ಟಡಗಳ ನಗರಗಳಿಂದ ಬಂದಿವೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಂಥ ಸೀಮೆಯಲ್ಲಿ ಬೆಕ್ಕು ಬೀಳುವುದು ಮಾಳಿಗೆಯಿಂದ, ಅಟ್ಟದಿಂದ, ಬೇವಿನ ಮರದಿಂದ, ಇಲ್ಲವೇ ಬಾವಿಯ ಕಟ್ಟೆಯಿಂದ. ತೊಗರಿ, ಜೋಳ ಬೆಳೆಯುವ ಇಲ್ಲಿ ಕಾಳಿನ ಚೀಲಗಳು ಮನೆಯೊಳಗೇ ಇರುತ್ತವೆ. ಕಾಳಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಹಳೆಯ ಮನೆಗಳದು ದಪ್ಪನೆಯ ಕಲ್ಲುಗೋಡೆ, ಮೇಲೆ ಮಣ್ಣು ಹಾಸಿದ ಸಮತಟ್ಟು ಮಾಳಿಗೆ, ನಡುವೆ ಬೆಳಕಿಂಡಿ. ಒಂದು ಮನೆಯ ಮಾಳಿಗೆಗೆ ಇನ್ನೊಂದರದು ತಾಗಿಕೊಂಡಿರುವ ಓಣಿಗಳಲ್ಲಿ ಬೆಕ್ಕು ನೆಲಕ್ಕೆ ಕಾಲಿಡದೆಯೇ ಹತ್ತಾರು ಮನೆ ಸುತ್ತಿ ಬರುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಜನ ರಾತ್ರಿ ಮಾಳಿಗೆಯ ಮೇಲೆ ಮಲಗುತ್ತಾರೆ. ಬೆಕ್ಕು ಕೂಡ ಗಾಳಿ ಹುಡುಕಿಕೊಂಡು ಅಂಚಿನ ಗೋಡೆಯ ಮೇಲೆ ಮೈಚಾಚುತ್ತದೆ. ಪಾರಿವಾಳದ ಮೇಲೆ ಎಗರಿಯೋ, ಇನ್ನೊಂದು ಗಂಡುಬೆಕ್ಕಿನೊಡನೆ ಕಾದಾಡುತ್ತಲೋ, ನಿದ್ದೆಗಣ್ಣಿನಲ್ಲಿ ಹೊರಳಿಯೋ ಅಲ್ಲಿಂದ ಬೀಳುತ್ತದೆ.

ಹನ್ನೆರಡು ಅಡಿ, ಅಂದರೆ ಸುಮಾರು 3.6 ಮೀಟರ್ ಎತ್ತರದ ಮಾಳಿಗೆಯಿಂದ ನೆಲ ಮುಟ್ಟಲು ಹಿಡಿಯುವ ಕಾಲ 0.86 ಸೆಕೆಂಡು. ನೆಲಕ್ಕೆ ಬಡಿಯುವಾಗಿನ ವೇಗ ಗಂಟೆಗೆ ಸುಮಾರು 30 ಕಿ.ಮೀ. ಬೆಕ್ಕು ಮಾಡಬೇಕಾದದ್ದನ್ನೆಲ್ಲ ಈ ಒಂದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಮಾಡಿ ಮುಗಿಸಬೇಕು.

ಗಾಳಿಯಲ್ಲಿ ಹೊರಳುವುದು

ಬೆನ್ನು ಕೆಳಗಾಗಿ ಬೀಳತೊಡಗಿದ ಬೆಕ್ಕು ಮೊದಲು ತಲೆಯನ್ನು ತಿರುಗಿಸುತ್ತದೆ. ಒಡನೆಯೇ ನಡು ಬಾಗುತ್ತದೆ. ಮೈಯ ಮುಂಭಾಗ ಮತ್ತು ಹಿಂಭಾಗ ಬೇರೆ ಬೇರೆ ಅಕ್ಷಗಳ ಸುತ್ತ ತಿರುಗಲು ಸಜ್ಜಾಗುತ್ತವೆ. ಆಗ ಅದು ಮುಂಗಾಲುಗಳನ್ನು ಎದೆಗೆ ಸೆಳೆದುಕೊಂಡು ಹಿಂಗಾಲುಗಳನ್ನು ಚಾಚುತ್ತದೆ. ಕಾಲು ಮಡಚಿದ ಮುಂಭಾಗ ಸುಲಭವಾಗಿ, ಹೆಚ್ಚು ತಿರುಗುತ್ತದೆ. ಕಾಲು ಚಾಚಿದ ಹಿಂಭಾಗ ಎದುರು ದಿಕ್ಕಿನಲ್ಲಿ ಸ್ವಲ್ಪವೇ ತಿರುಗುತ್ತದೆ. ಮುಂಭಾಗ ನೆಲದತ್ತ ಮುಖ ಮಾಡಿದ ಮೇಲೆ ಕ್ರಮ ಅದಲುಬದಲಾಗುತ್ತದೆ: ಮುಂಗಾಲು ಚಾಚಿ, ಹಿಂಗಾಲು ಮಡಚಿ, ಹಿಂಭಾಗವನ್ನು ಸರಕ್ಕನೆ ತಿರುಗಿಸಿಕೊಳ್ಳುತ್ತದೆ. ಒದ್ದೆ ಧೋತರ ಹಿಂಡುವವರ ಎರಡು ಕೈಗಳಂತೆ ಮೈಯ ಎರಡು ಭಾಗಗಳು ಒಂದಕ್ಕೊಂದು ಎದುರಾಗಿ ತಿರುಗುವುದರಿಂದ ಒಟ್ಟು ಕೋನೀಯ ಸಂವೇಗ, ಅಂದರೆ ಇಡೀ ಮೈಯ ತಿರುಗುವಿಕೆಯ ಒಟ್ಟು ಪ್ರಮಾಣ, ಸೊನ್ನೆಯಾಗಿಯೇ ಉಳಿಯುತ್ತದೆ. ಹೊರಗಿನ ಯಾವ ಆಸರೆಯೂ ಇಲ್ಲದೆ ಮೈಯ ದಿಕ್ಕು ಮಾತ್ರ ಬದಲಾಗಿರುತ್ತದೆ.

ವಿಜ್ಞಾನಿಗಳು ಬಹುಕಾಲ ಒಪ್ಪದೆ ಇದ್ದದ್ದು ಇದೇ ಕೊನೆಯ ಮಾತನ್ನು. ತಿರುಗುತ್ತಿಲ್ಲದ ಒಂದು ವಸ್ತು ಗಾಳಿಯಲ್ಲಿ ತನ್ನಷ್ಟಕ್ಕೆ ತಾನೇ ಮಗುಚಿಕೊಳ್ಳುವುದು ಸಾಧ್ಯವಿಲ್ಲ, ಬೆಕ್ಕು ಬೀಳುವ ಮುನ್ನ ಏನನ್ನೋ ಒದ್ದು ತಿರುವು ಪಡೆದಿರಲೇಬೇಕು ಎಂಬುದು ಅವರ ವಾದ. ಫ್ರಾನ್ಸಿನ ಆಂಟ್ವಾನ್ ಪಾರಾಂ 1700ರಲ್ಲಿಯೇ ಈ ಪ್ರಶ್ನೆಯ ಬಗ್ಗೆ ಬರೆದಿದ್ದ. ವಿದ್ಯುತ್ಕಾಂತೀಯ ಸಿದ್ಧಾಂತದ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿದ್ದಾಗ ಬೆಕ್ಕುಗಳನ್ನು ಮೇಜಿನ ಮೇಲೆ, ಹಾಸಿಗೆಯ ಮೇಲೆ ಕೆಲವೇ ಅಂಗುಲಗಳಿಂದ ಬಿಟ್ಟು, ಎಷ್ಟು ಕಡಿಮೆ ಎತ್ತರದಲ್ಲಿ ಅವು ಹೊರಳಬಲ್ಲವು ಎಂದು ಪರೀಕ್ಷಿಸುತ್ತಿದ್ದ. ಅವನು ಬೆಕ್ಕುಗಳನ್ನು ಕಿಟಕಿಯಿಂದ ಎಸೆಯುತ್ತಿದ್ದನೆಂಬ ಸುದ್ದಿ ಕಾಲೇಜಿನಲ್ಲಿ ಹಬ್ಬಿತ್ತು. ಅದು ಸುಳ್ಳೆಂದು 1870ರಲ್ಲಿ ಹೆಂಡತಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾನೆ.

ವಾದ ಮುಗಿದದ್ದು ಫೋಟೋಗಳಿಂದ. ಎಟಿಯೆನ್ ಜೂಲ್ ಮರೇ ಎಂಬ ಫ್ರೆಂಚ್ ಶರೀರವಿಜ್ಞಾನಿ ಚಲನೆಯನ್ನು ಸಾಲುಸಾಲು ಚಿತ್ರಗಳಾಗಿ ಹಿಡಿಯುವ ಕ್ಯಾಮೆರಾ ರೂಪಿಸಿದ್ದ. ಬೆಕ್ಕೊಂದನ್ನು ಕಾಲು ಮೇಲಾಗಿ ಹಿಡಿದು ಕೈಬಿಟ್ಟಾಗ ತೆಗೆದ ಅವನ ಚಿತ್ರಗಳು 1894ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಬಂದವು. ಮೊದಲ ಚಿತ್ರಗಳಲ್ಲಿ ಬೆಕ್ಕಿನ ಮೈಗೆ ಯಾವ ತಿರುವೂ ಇಲ್ಲ. ಅದು ಕೈಯನ್ನು ಒದ್ದೂ ಇಲ್ಲ. ಹೊರಳಾಟ ಆರಂಭವಾಗುವುದು ಕೈಬಿಟ್ಟ ಮೇಲೆಯೇ. ಭೌತವಿಜ್ಞಾನದ ನಿಯಮವೇನೂ ಮುರಿದಿರಲಿಲ್ಲ. ಬೆಕ್ಕನ್ನು ಬಾಗದ, ಬಳುಕದ ಒಂದೇ ಗಟ್ಟಿ ವಸ್ತುವೆಂದು ಎಣಿಸಿದ್ದೇ ತಪ್ಪಾಗಿತ್ತು. ಡಚ್ ಶರೀರವಿಜ್ಞಾನಿಗಳಾದ ರಾಡೆಮಾಕರ್ ಮತ್ತು ಟೆರ್ ಬ್ರಾಕ್ 1935ರಲ್ಲಿ ನಡು ಬಾಗುವುದರ ಪಾತ್ರವನ್ನು ಸ್ಪಷ್ಟಪಡಿಸಿದರು. 1969ರಲ್ಲಿ ಥಾಮಸ್ ಕೇನ್ ಮತ್ತು ಎಂ. ಪಿ. ಶೆರ್ ಎರಡು ಉರುಳೆಗಳನ್ನು ಜೋಡಿಸಿದಂಥ ಗಣಿತ ಮಾದರಿಯಿಂದ ಇಡೀ ಚಲನೆಯನ್ನು ಲೆಕ್ಕಹಾಕಿ ತೋರಿಸಿದರು. ತೂಕವಿಲ್ಲದ ಸ್ಥಿತಿಯಲ್ಲಿ ಗಗನಯಾತ್ರಿ ಏನನ್ನೂ ಹಿಡಿಯದೆ ತನ್ನ ಮೈ ತಿರುಗಿಸಿಕೊಳ್ಳುವುದು ಹೇಗೆ ಎಂಬುದಕ್ಕೂ ಇಂಥ ಲೆಕ್ಕಗಳು ನೆರವಾದವು.

ಬಾಲವನ್ನು ಬೀಸಿ ಬೆಕ್ಕು ತಿರುಗುತ್ತದೆ ಎಂಬ ಮಾತು ಇನ್ನೂ ಬಳಕೆಯಲ್ಲಿದೆ. ಬಾಲದಿಂದ ಅಷ್ಟಿಷ್ಟು ಸಹಾಯವಾಗುವುದು ನಿಜ. ಆದರೆ ಹುಟ್ಟಿನಿಂದಲೇ ಬಾಲವಿಲ್ಲದ ಮ್ಯಾಂಕ್ಸ್ ತಳಿಯ ಬೆಕ್ಕುಗಳೂ ಸರಿಯಾಗಿಯೇ ಹೊರಳುತ್ತವೆ.

ಯಾವುದು ಮೇಲೆ, ಯಾವುದು ಕೆಳಗೆ ಎಂಬ ಅರಿವು ಬೆಕ್ಕಿಗೆ ಎರಡು ಕಡೆಯಿಂದ ಬರುತ್ತದೆ: ಒಳಗಿವಿಯ ಸಮತೋಲನ ಅಂಗದಿಂದ ಮತ್ತು ಕಣ್ಣಿನಿಂದ. ಕಣ್ಣಿಗೆ ಬಟ್ಟೆ ಕಟ್ಟಿದರೂ ಬೆಕ್ಕು ಹೊರಳುತ್ತದೆ. ಒಳಗಿವಿ ಕೆಟ್ಟಿದ್ದರೂ ಕಣ್ಣಿದ್ದರೆ ಹೊರಳಬಲ್ಲದು. ಎರಡೂ ಇಲ್ಲದಿದ್ದರೆ ಬಿದ್ದ ಹಾಗೆಯೇ ಬೀಳುತ್ತದೆ. ಮೇಲೆ ಕೆಳಗೆ ಎಂಬುದೇ ಇಲ್ಲದ ತೂಕರಹಿತ ಸ್ಥಿತಿಯನ್ನು ವಿಮಾನದಲ್ಲಿ ಉಂಟುಮಾಡಿ ನಡೆಸಿದ ಪ್ರಯೋಗಗಳ ವರದಿ 1957ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅಲ್ಲಿ ಬೆಕ್ಕುಗಳು ದಿಕ್ಕು ತಪ್ಪಿದ್ದವು.

ಈ ಸಾಮರ್ಥ್ಯ ಹುಟ್ಟಿದ ದಿನದಿಂದ ಬಂದದ್ದಲ್ಲ. ಮರಿಗಳಲ್ಲಿ ಮೂರು-ನಾಲ್ಕು ವಾರಕ್ಕೆ ಕಾಣಿಸಿಕೊಂಡು ಆರು-ಏಳು ವಾರಕ್ಕೆ ಪಕ್ವವಾಗುತ್ತದೆ. ತಾಯಿಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂದು ನಮ್ಮಲ್ಲಿ ಹೇಳುವುದು ಈ ಅವಧಿಯ ಬಗ್ಗೆಯೇ. ಕತ್ತಿನ ಹಿಂದಿನ ಚರ್ಮವನ್ನು ಹಲ್ಲಿನಲ್ಲಿ ಹಿಡಿದು ಅಟ್ಟದಿಂದ ಮಾಳಿಗೆಗೆ, ಮಾಳಿಗೆಯಿಂದ ಪಕ್ಕದ ಮನೆಯ ಸಾಮಾನು ಕೋಣೆಗೆ ಮರಿಗಳನ್ನು ಸಾಗಿಸುತ್ತಿರುತ್ತದೆ. ಹಿಡಿದಾಗ ಮರಿ ಕೈಕಾಲು ಮುದುಡಿ ಅಲುಗಾಡದೆ ತೂಗುತ್ತದೆ. ಜಾರಿದರೆ ಮಾತ್ರ ಅದಕ್ಕೆ ಮೈ ತಿರುಗಿಸಿಕೊಳ್ಳಲು ಬಾರದು. ಅಟ್ಟದ ಮೇಲೆ ಬೆಕ್ಕು ಮರಿ ಹಾಕಿದೆ ಎಂದು ಗೊತ್ತಾದ ಮನೆಯವರು ಕೆಳಗೆ ಒಂದು ಹಳೆಯ ಕೌದಿ ಹಾಸಿಟ್ಟರೆ ಅದು ವ್ಯರ್ಥವಾಗುವುದಿಲ್ಲ.

ಇನ್ನೊಂದು ವಿಚಿತ್ರವೆಂದರೆ ತೀರ ಕಡಿಮೆ ಎತ್ತರವೂ ಅಪಾಯವೇ. ಪೂರ್ತಿ ಹೊರಳಿ ಕಾಲು ಸಿದ್ಧಮಾಡಿಕೊಳ್ಳಲು ಸುಮಾರು ಮೂರು ಅಡಿಯಾದರೂ ಬೇಕೆನ್ನುತ್ತಾರೆ. ತೋಳಿನಲ್ಲಿ ಅಂಗಾತ ಹಿಡಿದ ಬೆಕ್ಕು ಮಗುವಿನ ಕೈಯಿಂದ ಜಾರಿದರೆ ಆ ಅವಕಾಶ ಸಿಗದೆ ಪೆಟ್ಟಾಗಬಹುದು.

ಪೆಟ್ಟು ತಾಳುವುದು

ಗಾತ್ರದ ವಿಷಯವನ್ನು ಎಲ್ಲರಿಗಿಂತ ಸೊಗಸಾಗಿ ವಿವರಿಸಿದವರು ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್. ಪ್ರಾಣಿಗಳ ಗಾತ್ರವನ್ನು ಕುರಿತ ಅವರ ಪ್ರಸಿದ್ಧ ಪ್ರಬಂಧ 1926ರದು. ಆಳವಾದ ಗಣಿಯೊಳಗೆ ಇಲಿಮರಿಯಂಥ ಸಣ್ಣ ಜೀವಿ ಬಿದ್ದರೆ ತುಸು ಕಂಗೆಟ್ಟು ಎದ್ದು ಹೋಗುತ್ತದೆ, ಕುದುರೆ ಬಿದ್ದರೆ ನುಚ್ಚುನೂರಾಗುತ್ತದೆ ಎಂಬ ವ್ಯತ್ಯಾಸಕ್ಕೆ ಅದರಲ್ಲಿ ಕಾರಣ ಕೊಟ್ಟಿದ್ದಾರೆ. ಮುಂದೆ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರರಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನ್ ಇವರೇ. ಅವರ ವಾದದ ತಿರುಳು ಇಷ್ಟು: ಪ್ರಾಣಿಯ ಉದ್ದ, ಅಗಲ, ಎತ್ತರ ಹತ್ತು ಪಟ್ಟು ಹೆಚ್ಚಿದರೆ ತೂಕ ಸಾವಿರ ಪಟ್ಟು ಹೆಚ್ಚುತ್ತದೆ, ಗಾಳಿಗೆ ಎದುರಾಗುವ ಮೈ ವಿಸ್ತಾರ ನೂರು ಪಟ್ಟು ಮಾತ್ರ. ಹೀಗಾಗಿ ಸಣ್ಣ ಪ್ರಾಣಿಯನ್ನು ಗಾಳಿ ಹೆಚ್ಚು ತಡೆಯುತ್ತದೆ.

ಬೀಳುವ ವಸ್ತುವಿನ ವೇಗ ಏರುತ್ತ ಹೋಗಿ, ಗಾಳಿಯ ತಡೆ ತೂಕಕ್ಕೆ ಸಮನಾದಾಗ ಏರಿಕೆ ನಿಲ್ಲುತ್ತದೆ. ಇದು ಅಂತಿಮ ವೇಗ. ಮನುಷ್ಯನಿಗೆ ಇದು ಗಂಟೆಗೆ ಸುಮಾರು 190 ಕಿ.ಮೀ., ಕಾಲು ಹರಡಿದ ಬೆಕ್ಕಿಗೆ ಸುಮಾರು 100 ಕಿ.ಮೀ. ಅರ್ಧದಷ್ಟು ವೇಗವೆಂದರೆ ಕಿಲೋ ತೂಕಕ್ಕೆ ಕಾಲು ಭಾಗದಷ್ಟು ಶಕ್ತಿ. ಅದರ ಮೇಲೆ, ಮೂರು-ನಾಲ್ಕು ಕಿಲೋ ತೂಕದ ಪ್ರಾಣಿಯ ಎಲುಬುಗಳು ಆ ತೂಕಕ್ಕೆ ಹೋಲಿಸಿದರೆ ಮನುಷ್ಯನ ಎಲುಬುಗಳಿಗಿಂತ ಗಟ್ಟಿ. ಮಾಳಿಗೆಯ ಎತ್ತರದಲ್ಲಿ ಗಾಳಿಯ ತಡೆ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಎಲುಬು, ಸ್ನಾಯು ಮತ್ತು ನೆಲ.

ಬೆಕ್ಕಿನ ಹೆಗಲಿನ ಎಲುಬು ನಮ್ಮದರಂತೆ ಕಾಲರ್ ಬೋನಿನ ಮೂಲಕ ಎದೆಗೂಡಿಗೆ ಬಿಗಿದಿಲ್ಲ. ಅದರ ಕಾಲರ್ ಬೋನ್ ಒಂದು ಸಣ್ಣ ಚೂರು, ಸ್ನಾಯುಗಳ ನಡುವೆ ತೇಲುತ್ತಿರುತ್ತದೆ. ಮುಂಗಾಲು ಮೈಗೆ ಅಂಟಿಕೊಂಡಿರುವುದು ಸ್ನಾಯುಗಳಿಂದಲೇ. ನೆಲಕ್ಕೆ ಮೊದಲು ತಾಗುವ ಮುಂಗಾಲುಗಳು ಮಡಚಿಕೊಳ್ಳುತ್ತ ಎದೆಯನ್ನು ತಮ್ಮ ನಡುವೆ ಇಳಿಯಬಿಡುತ್ತವೆ. ಹಿಂದೆಯೇ ಹಿಂಗಾಲುಗಳು ತಾಗಿ ಮಂಡಿ ಬಾಗುತ್ತದೆ, ಬೆನ್ನು ಕಮಾನಾಗುತ್ತದೆ. ಮೈ ನಿಲ್ಲಲು ತೆಗೆದುಕೊಳ್ಳುವ ದೂರ ಹೀಗೆ ಹೆಚ್ಚುತ್ತದೆ. ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ ಮೈ ಮೇಲಿನ ಸರಾಸರಿ ಬಲ ಗುರುತ್ವದ ಎಷ್ಟು ಪಟ್ಟು ಎಂಬುದರ ಅಂದಾಜು ಸಿಗುತ್ತದೆ. 3.6 ಮೀಟರಿನಿಂದ ಬಿದ್ದು 15 ಸೆಂಟಿಮೀಟರಿನಲ್ಲಿ ನಿಂತರೆ ಅದು 24 ಪಟ್ಟು. ಮಗ್ಗುಲಾಗಿ ಬಿದ್ದು 3 ಸೆಂಟಿಮೀಟರಿನಲ್ಲಿ ನಿಂತರೆ 120 ಪಟ್ಟು. ಕಾಲ ಮೇಲೆ ಇಳಿಯುವುದಕ್ಕೂ ಪಕ್ಕೆಯ ಮೇಲೆ ಬೀಳುವುದಕ್ಕೂ ಇರುವ ಅಂತರ ಇದು.

ಇಲ್ಲಿ ನೆಲದ ಗುಣ ನೇರವಾಗಿ ಲೆಕ್ಕಕ್ಕೆ ಬರುತ್ತದೆ. ಭೀಮಾ ಕಣಿವೆಯ ಸುಣ್ಣಕಲ್ಲಿನ ಪದರಗಳಿಂದ ಬರುವ ಶಹಾಬಾದಿ ಪರ್ಸಿ ಈ ಭಾಗದ ಅಂಗಳ, ಪಡಸಾಲೆ, ಕಟ್ಟೆಗಳಿಗೆಲ್ಲ ಹಾಸುಗಲ್ಲು. ಪರ್ಸಿ ಒಂದಿಷ್ಟೂ ತಗ್ಗುವುದಿಲ್ಲ. ತಗ್ಗಬೇಕಾದದ್ದೆಲ್ಲ ಬೆಕ್ಕಿನ ಮೈಯೇ. ನೀರು ಚಿಮುಕಿಸಿ ತೊಳೆದಿದ್ದರೆ ಕಾಲು ಜಾರಿ ಗದ್ದ ನೆಲಕ್ಕೆ ಬಡಿಯುವ ಅಪಾಯ ಬೇರೆ. ಮಳೆಗಾಲದ ಹಸಿ ಎರೆಮಣ್ಣು ಹಾಗಲ್ಲ, ಪಾದ ಹೂತುಕೊಂಡು ಕೆಲವು ಸೆಂಟಿಮೀಟರ್ ದಯಪಾಲಿಸುತ್ತದೆ. ಅದೇ ಎರೆ ಚೈತ್ರ ವೈಶಾಖದಲ್ಲಿ ಬಿರುಕುಬಿಟ್ಟು ಹೆಂಟೆಗಟ್ಟಿದಾಗ ಕಲ್ಲಿಗಿಂತ ಹೆಚ್ಚು ಮೃದುವೇನಲ್ಲ, ಬಿರುಕಿನಲ್ಲಿ ಪಾದ ಸಿಕ್ಕಿ ತಿರುಚಿಕೊಳ್ಳಲೂಬಹುದು. ಜೋಳದ ಕಣಕಿಯ ಬಣವೆ ಎಲ್ಲಕ್ಕಿಂತ ಒಳ್ಳೆಯದು. ಗೋಡೆಗೆ ಆನಿಸಿಟ್ಟ ತೊಗರಿ ಕಟ್ಟಿಗೆಯ ರಾಶಿ ಎಲ್ಲಕ್ಕಿಂತ ಕೆಟ್ಟದ್ದು, ಕುಡುಗೋಲಿನಿಂದ ಓರೆಯಾಗಿ ಕೊಯ್ದ ಅದರ ತುದಿಗಳು ಹೊಟ್ಟೆಗೆ ಚುಚ್ಚುತ್ತವೆ.

ಬಾವಿಯ ಮಾತು ಬೇರೆಯೇ. ಹತ್ತು ಮೀಟರ್ ಕೆಳಗಿನ ನೀರಿಗೆ ಬೀಳುವ ಬೆಕ್ಕಿನ ವೇಗ ಗಂಟೆಗೆ 50 ಕಿ.ಮೀ. ಆಗಿದ್ದರೂ ನೀರು ಅದನ್ನು ಒಳಕ್ಕೆ ತೆಗೆದುಕೊಳ್ಳುತ್ತ ನಿಧಾನವಾಗಿ ನಿಲ್ಲಿಸುತ್ತದೆ. ಬೆಕ್ಕಿಗೆ ಈಜು ಬರುತ್ತದೆ. ಕಲ್ಲು ಕಟ್ಟಿದ ನುಣುಪು ಗೋಡೆ ಹತ್ತಲು ಬಾರದೆ, ಸುತ್ತ ಈಜಿ ದಣಿದು ಮುಳುಗುವುದರಿಂದ ಸಾವು ಬರುತ್ತದೆ. ಹಗ್ಗಕ್ಕೆ ಬುಟ್ಟಿ ಕಟ್ಟಿ ನೀರಿನ ಮಟ್ಟಕ್ಕೆ ಇಳಿಬಿಟ್ಟು, ಮಾತಾಡದೆ ಸ್ವಲ್ಪ ಹೊತ್ತು ಬಿಟ್ಟರೆ ಬೆಕ್ಕು ಹೆಚ್ಚಾಗಿ ತಾನೇ ಹತ್ತಿ ಕೂರುತ್ತದೆ. ಮೇಲಿನಿಂದ ಹತ್ತು ಜನ ಕೂಗಿದರೆ ಹತ್ತುವುದಿಲ್ಲ. ಕೊಳವೆಬಾವಿಗಳು ಬಂದ ಮೇಲೆ ಪಾಳುಬಿದ್ದ ತೆರೆದ ಬಾವಿಗಳು ಬೇಸಿಗೆಯಲ್ಲಿ ಪೂರ್ತಿ ಬತ್ತಿ, ತಳದಲ್ಲಿ ಕಲ್ಲು ಕಸ ತುಂಬಿರುತ್ತವೆ. ಬೆಕ್ಕಿಗೆ ಇವು ನೀರಿದ್ದ ಬಾವಿಗಿಂತ ಹೆಚ್ಚು ಅಪಾಯಕಾರಿ.

ಮಹಡಿಗಳ ಲೆಕ್ಕ

ಬಹುಮಹಡಿ ಕಟ್ಟಡದ ಕಿಟಕಿ, ಬಾಲ್ಕನಿಗಳಿಂದ ಬೀಳುವ ಬೆಕ್ಕುಗಳ ಗಾಯಗಳಿಗೆ ಪಶುವೈದ್ಯರು ಹೈರೈಸ್ ಸಿಂಡ್ರೋಮ್ ಎನ್ನುತ್ತಾರೆ. ನ್ಯೂಯಾರ್ಕಿನ ಅನಿಮಲ್ ಮೆಡಿಕಲ್ ಸೆಂಟರಿಗೆ ಐದು ತಿಂಗಳಲ್ಲಿ ಬಂದ ಇಂಥ 132 ಬೆಕ್ಕುಗಳ ಬಗ್ಗೆ ವೇಯ್ನ್ ವಿಟ್ನಿ ಮತ್ತು ಷೆರಿಲ್ ಮೆಲ್‌ಹಾಫ್ 1987ರಲ್ಲಿ ಪ್ರಕಟಿಸಿದ ಲೇಖನ ಬಹಳ ಹೆಸರಾಯಿತು. ಸರಾಸರಿ ಎತ್ತರ ಐದೂವರೆ ಮಹಡಿ. ಚಿಕಿತ್ಸೆ ಪಡೆದವುಗಳಲ್ಲಿ ಶೇ. 90ರಷ್ಟು ಬದುಕಿದವು. 32ನೇ ಮಹಡಿಯಿಂದ ಬಿದ್ದ ಒಂದು ಬೆಕ್ಕು ಹಲ್ಲು ಚೂರಾಗಿ, ಎದೆಗೆ ಸ್ವಲ್ಪ ಪೆಟ್ಟಾಗಿ ಉಳಿಯಿತು. ಏಳನೇ ಮಹಡಿಯವರೆಗೆ ಗಾಯಗಳು ಹೆಚ್ಚುತ್ತ ಹೋಗಿ, ಅದಕ್ಕೂ ಮೇಲಿನಿಂದ ಬಿದ್ದವುಗಳಲ್ಲಿ ಕಡಿಮೆಯಾಗಿದ್ದವು ಎಂಬುದು ಎಲ್ಲರನ್ನೂ ಬೆರಗುಗೊಳಿಸಿದ ಭಾಗ. ಅಂತಿಮ ವೇಗ ಮುಟ್ಟಿದ ಮೇಲೆ ವೇಗ ಏರುವ ಅನುಭವ ನಿಂತು, ಬೆಕ್ಕು ಮೈ ಸಡಿಲಿಸಿ ಕಾಲುಗಳನ್ನು ಅಡ್ಡಡ್ಡ ಹರಡುತ್ತದೆ, ಪೆಟ್ಟು ಮೈತುಂಬ ಹಂಚಿಹೋಗುತ್ತದೆ ಎಂದು ಲೇಖಕರು ಊಹಿಸಿದರು.

ಹೆಚ್ಚು ಎತ್ತರದಿಂದ ಬಿದ್ದರೆ ಹೆಚ್ಚು ಕ್ಷೇಮ ಎಂದು ಇದನ್ನು ಓದುವುದು ಸರಿಯಲ್ಲ. ಬೀದಿಯಲ್ಲಿಯೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ತರುವುದಿಲ್ಲ. ಎತ್ತರ ಹೆಚ್ಚಿದಂತೆ ಸ್ಥಳದಲ್ಲೇ ಸಾಯುವವು ಹೆಚ್ಚಿರಬಹುದು. ಆಸ್ಪತ್ರೆಯ ಲೆಕ್ಕದಲ್ಲಿ ಅವು ಇಲ್ಲ. ಕ್ರೊಯೇಷ್ಯಾದ ಝಾಗ್ರೆಬ್‌ನಲ್ಲಿ 119 ಬೆಕ್ಕುಗಳನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬದುಕಿದವು ಶೇ. 96.5. ಆದರೆ ಏಳನೇ ಮಹಡಿ ಮತ್ತು ಮೇಲಿನಿಂದ ಬಿದ್ದವುಗಳಲ್ಲಿ ಗಾಯಗಳು ಹೆಚ್ಚು ತೀವ್ರವಾಗಿದ್ದವು, ಎದೆಯ ಪೆಟ್ಟು ಹೆಚ್ಚಾಗಿತ್ತು. ಬಿದ್ದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ವರ್ಷದೊಳಗಿನ ಎಳೆಯವು, ಬಿದ್ದದ್ದು ಹೆಚ್ಚಾಗಿ ಬೆಚ್ಚಗಿನ ತಿಂಗಳುಗಳಲ್ಲಿ. ಈ ಕೊನೆಯ ಅಂಶ ಕಲಬುರಗಿ ಸೀಮೆಯ ಬೇಸಿಗೆಗೂ ಮಾಳಿಗೆಗೂ ಹೊಂದುವಂಥದು. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರುಗಳ ಅಪಾರ್ಟ್‌ಮೆಂಟಿಗೆ ಊರಿನಿಂದ ಬೆಕ್ಕು ಕೊಂಡೊಯ್ದವರಿಗೆ ನ್ಯೂಯಾರ್ಕ್, ಝಾಗ್ರೆಬ್‌ಗಳ ಅನುಭವ ನೇರವಾಗಿಯೇ ಅನ್ವಯಿಸುತ್ತದೆ. ಪಾರಿವಾಳ ತಡೆಯಲು ಬಾಲ್ಕನಿಗೆ ಕಟ್ಟುವ ಬಲೆ ಬೆಕ್ಕನ್ನೂ ಕಾಯುತ್ತದೆ, ಅಂಚು ಬಿಗಿಯಾಗಿದ್ದರೆ.

ಬಿದ್ದ ಬೆಕ್ಕಿನ ಆರೈಕೆ

ಮಾಳಿಗೆಯಿಂದ ಬಿದ್ದ ಬೆಕ್ಕು ಎದ್ದು ಓಡಿಹೋದರೆ "ಬೆಕ್ಕಿಗೇನಾಗ್ತದ ಬಿಡ್ರಿ" ಎಂದು ಸುಮ್ಮನಾಗುವುದು ರೂಢಿ. ಓಡಿತೆಂಬುದು ಕ್ಷೇಮದ ಗುರುತಲ್ಲ. ನೋವಾದ ಬೆಕ್ಕು ಕತ್ತಲೆಯ ಮೂಲೆ ಹುಡುಕಿ ಅಡಗುತ್ತದೆ, ಕೂಗುವುದಿಲ್ಲ. ಹೈರೈಸ್ ಸಿಂಡ್ರೋಮಿನಲ್ಲಿ ಪಶುವೈದ್ಯರು ಮೊದಲು ನೋಡುವುದು ಎದೆಯನ್ನು: ಶ್ವಾಸಕೋಶ ಹರಿದು ಗಾಳಿ ಎದೆಗೂಡಿನೊಳಗೆ ಸೋರಿದ್ದರೆ ಹೊರಗೆ ಒಂದು ಗೀರೂ ಕಾಣದೆ ಬೆಕ್ಕು ಗಂಟೆಗಳಲ್ಲಿ ಸಾಯಬಹುದು. ಬಾಯಿ ತೆರೆದು ಉಸಿರಾಡುವುದು, ಪ್ರತಿ ಉಸಿರಿಗೂ ಹೊಟ್ಟೆ ಜೋರಾಗಿ ಏರಿಳಿಯುವುದು, ವಸಡು ಬಿಳಿಚಿಕೊಂಡಿರುವುದು ಇದರ ಲಕ್ಷಣಗಳು. ಎರಡನೆಯದು ಮುಖ. ಕಾಲು ಮಡಚಿದ ರಭಸಕ್ಕೆ ಗದ್ದ ನೆಲಕ್ಕೆ ಬಡಿದು ಮೇಲಂಗುಳು ಉದ್ದಕ್ಕೆ ಸೀಳುತ್ತದೆ, ದವಡೆ ಮುರಿಯುತ್ತದೆ. ಮೂಗಿನಿಂದ ರಕ್ತ ಬಂದರೆ, ತಿನ್ನಲು ಬಾಯಿಟ್ಟು ಹಿಂದೆ ಸರಿದರೆ ಅನುಮಾನಿಸಬೇಕು. ಕಾಲು ಮುರಿತ ಮೂರನೆಯದು, ಅದು ಎಲ್ಲರಿಗೂ ಕಾಣುತ್ತದೆ. ಮೂತ್ರಕೋಶ ಒಡೆದಿರುವುದೂ ಉಂಟು, ಆದ್ದರಿಂದ ಮರುದಿನದೊಳಗೆ ಮೂತ್ರ ಮಾಡಿತೇ ಎಂದು ಗಮನಿಸಬೇಕು.

ಗಾಯಗೊಂಡ ಬೆಕ್ಕನ್ನು ಕತ್ತು ಹಿಡಿದು ಎತ್ತದೆ, ಹಲಗೆಯ ಅಥವಾ ಗಟ್ಟಿ ರಟ್ಟಿನ ಮೇಲೆ ಸರಿಸಿ, ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿಟ್ಟು ಒಯ್ಯಬೇಕು. ಬಾಯಿಗೆ ನೀರು, ಹಾಲು ಸುರಿಯಬಾರದು. ಉಸಿರಿಗೆ ಕಷ್ಟಪಡುವ ಪ್ರಾಣಿಗೆ ಅದು ಶ್ವಾಸನಾಳಕ್ಕೆ ಹೋಗುತ್ತದೆ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನು ಎಂದೂ ಕೊಡಬಾರದು. ಆ ಔಷಧವನ್ನು ಅರಗಿಸಿ ಹೊರಹಾಕುವ ಕಿಣ್ವದ ಕೊರತೆ ಬೆಕ್ಕಿನ ಯಕೃತ್ತಿಗಿದೆ. ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ವಸಡು ಕಂದುಬಣ್ಣಕ್ಕೆ ತಿರುಗಿ, ಮುಖ ಊದಿ, ಬಿದ್ದ ಪೆಟ್ಟಿನಿಂದ ಬದುಕಬಹುದಾಗಿದ್ದ ಬೆಕ್ಕು ಮಾತ್ರೆಯಿಂದ ಸಾಯುತ್ತದೆ.

ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಅವು ದನ, ಎಮ್ಮೆ, ಕುರಿಗಳಿಗೆ ಎಂದೇ ಜನ ತಿಳಿದಿದ್ದಾರೆ, ಬೆಕ್ಕನ್ನು ಒಯ್ಯಲು ಸಂಕೋಚಪಡುತ್ತಾರೆ. ಪಶುವೈದ್ಯರ ಪಠ್ಯದಲ್ಲಿ ಬೆಕ್ಕೂ ಸೇರಿದೆ, ಸಂಕೋಚ ಬೇಕಿಲ್ಲ. ಎಕ್ಸ್‌ರೇ, ಶಸ್ತ್ರಚಿಕಿತ್ಸೆ ಬೇಕಾದ ಪ್ರಾಣಿಗೆ ಕಲಬುರಗಿಯ ಆಸ್ಪತ್ರೆಗಳಿವೆ, ಬೀದರಿನಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಎದೆಯ ಗಾಯವಾದ ಬೆಕ್ಕಿಗೆ ಮೊದಲು ಹತ್ತಿರದ ವೈದ್ಯರಿಂದ ಉಸಿರು ಸುಧಾರಿಸಿದ ಮೇಲೆಯೇ ದೂರದ ಪ್ರಯಾಣ ಮಾಡಿಸಬೇಕು. ಕಾಲಿನ ಮುರಿತ ಒಂದೆರಡು ದಿನ ಕಾಯಬಲ್ಲದು.